ಅಣ್ಣಯ್ಯನವರು ತಂದ ಫಾರಿನ್ ಡಾಕ್ಟರು

ಅಣ್ಣಯ್ಯನವರಿಗೆ ಇಂಗ್ಲಿಷ್ ಬರುತ್ತದೆ ಎಂಬ ಸಂಗತಿಯನ್ನು ಬೈನೆಗುಡ್ಡದಲ್ಲಿ ಯಾರೂ ಪರೀಕ್ಷೆ ಮಾಡಿ ನೋಡಿರಲಿಲ್ಲ. ನೋಡಬೇಕಾದರೆ ಇಂಗ್ಲಿಷ್ ಬರುವ ಇನ್ನೊಬ್ಬರು ಬೇಕಲ್ಲ. ಹಾನುಬಾಳಿನಿಂದ ಏಳು ಕಿಲೋಮೀಟರ್ ಮೇಲಕ್ಕೆ, ಜೀಪು ಮಾತ್ರ ಏರುವ ದಾರಿಯಲ್ಲಿರುವ ನಮ್ಮೂರಿನಲ್ಲಿ ಅಂಥವರು ನಿಲ್ಲುವುದಿಲ್ಲ. ಇಂಗ್ಲಿಷ್ ಬಂದ ಕೂಡಲೇ ಸಕಲೇಶಪುರದಲ್ಲಿ ಮನೆ ಹುಡುಕುತ್ತಾರೆ.

ಅಣ್ಣಯ್ಯನವರು ಮೂವತ್ತೊಂದು ವರ್ಷ ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದವರು. ಕೂಲಿಯಾಳುಗಳ ಸಾಲುಮನೆಗಳಾದ ಲೈನಿನಿಂದ ಯಾರು ಕೆಲಸಕ್ಕೆ ಬಂದರು, ಯಾರು ಬರಲಿಲ್ಲ ಎಂದು ದಪ್ಪ ಪುಸ್ತಕದಲ್ಲಿ ಇಂಗ್ಲಿಷಿನಲ್ಲಿ ಬರೆಯುವುದು ಅವರ ಉದ್ಯೋಗ. ಪ್ರೆಸೆಂಟ್, ಆಬ್ಸೆಂಟ್, ಹಾಫ್ ಡೇ, ಸಿಕ್. ಇಷ್ಟರಲ್ಲಿ ಮೂವತ್ತೊಂದು ವರ್ಷ ಯಾವ ತೊಂದರೆಯೂ ಇಲ್ಲದೆ ಕಳೆದಿತ್ತು. ಎಸ್ಟೇಟಿನ ಮ್ಯಾನೇಜರು ಇಂಗ್ಲಿಷಿನಲ್ಲಿ ಏನಾದರೂ ಹೇಳಿದರೆ ‘ಯೆಸ್ ಸರ್’ ಎನ್ನುತ್ತಿದ್ದರು. ಏನೂ ಅರ್ಥವಾಗದಿದ್ದರೆ ‘ವೆರಿ ಕರೆಕ್ಟ್ ಸರ್’ ಎನ್ನುತ್ತಿದ್ದರು. ಮ್ಯಾನೇಜರಿಗೆ ಎರಡನೆಯದೇ ಹೆಚ್ಚು ಇಷ್ಟವಾಗುತ್ತಿತ್ತು.

ನಿವೃತ್ತಿಯಾದ ಮೇಲೆ ಊರ ಹೊರಗಿನ ಹೋಂಸ್ಟೇಯಲ್ಲಿ ಅವರನ್ನು ಉಸ್ತುವಾರಿಗೆ ಇಟ್ಟುಕೊಂಡರು. ಮಾಲೀಕರು ಹಾಸನದಲ್ಲಿರುವುದರಿಂದ ಅಣ್ಣಯ್ಯನವರು ತಮ್ಮನ್ನು ಮ್ಯಾನೇಜರ್ ಎಂದು ಕರೆದುಕೊಂಡರು. ಅವರ ಹೆಂಡತಿ ಜಗದಾಂಬ ಮಾತ್ರ ಈ ಬಡ್ತಿಯನ್ನು ಒಪ್ಪಿರಲಿಲ್ಲ. ಅಡುಗೆ ಮಾಡುವವಳು ತಾನು, ಹಾಸಿಗೆ ಕೊಡವುವವಳು ತಾನು, ಮ್ಯಾನೇಜ್ ಆಗುತ್ತಿರುವುದು ಯಾವುದು ಎಂದು ಆಕೆ ಕೇಳುತ್ತಿದ್ದರು.

ನಮ್ಮೂರಿನಲ್ಲಿ ಒಂದು ಸರ್ಕಾರಿ ಆಸ್ಪತ್ರೆಯೂ ಇದೆ. ಕಟ್ಟಡ ಇದೆ, ಬೋರ್ಡ್ ಇದೆ, ಈಚೆಗೆ ಬಂದ ಶೀಲಾ ಎಂಬ ನರ್ಸ್ ಇದ್ದಾರೆ. ಡಾಕ್ಟರು ಇಲ್ಲ. ಇದ್ದ ಡಾಕ್ಟರು ಹೆಚ್ಚಿನ ಓದಿಗೆ ಹೋಗಿ ಒಂದೂವರೆ ವರ್ಷವಾಯಿತು. ಬೇರೆಯವರನ್ನು ಕಳಿಸಿ ಎಂದು ಪಂಚಾಯಿತಿ ಮೆಂಬರ್ ಚಂದ್ರಯ್ಯ ಐದು ಅರ್ಜಿ ಕೊಟ್ಟಿದ್ದರು. ಐದನ್ನೂ ಬರೆದವರು ಅಣ್ಣಯ್ಯನವರೇ, ಕನ್ನಡದಲ್ಲಿ. ಆರನೆಯದನ್ನು ಇಂಗ್ಲಿಷಿನಲ್ಲಿ ಬರೆದರೆ ಕೆಲಸ ಆಗಬಹುದು ಎಂದು ಚಂದ್ರಯ್ಯ ಸೂಚಿಸಿದಾಗ, ಸರ್ಕಾರದ ಆಡಳಿತ ಭಾಷೆ ಕನ್ನಡವೆಂದು ಅಣ್ಣಯ್ಯನವರು ಅರ್ಧ ಗಂಟೆ ಭಾಷಣ ಮಾಡಿದರು.

ಹೀಗಿರುವಾಗ ಒಂದು ಶನಿವಾರ ಮಧ್ಯಾಹ್ನ ಬಾಡಿಗೆ ಓಡಿಸುವ ಫಯಾಜನ ಜೀಪು ಹೋಂಸ್ಟೇ ಮುಂದೆ ನಿಂತಿತು. ಅದರಿಂದ ಮೂವತ್ತೈದರ ಆಸುಪಾಸಿನ, ಎತ್ತರದ, ಕಪ್ಪು ಮೈಬಣ್ಣದ, ತುಂಬಾ ಚೆನ್ನಾಗಿ ನಗುವ ಒಬ್ಬ ಹೆಂಗಸು ಇಳಿದರು. ಹೆಸರು ಅಮಾ. ಆಫ್ರಿಕಾದ ಘಾನಾ ದೇಶದವರು, ಡಾಕ್ಟರು. ಬೆಂಗಳೂರಿನಲ್ಲಿ ಸ್ನೇಹಿತೆಯೊಬ್ಬಳ ಮದುವೆಗೆ ಬಂದವರು ಮೂರು ದಿನ ಮಲೆನಾಡು ನೋಡಲು ಇತ್ತ ಬಂದಿದ್ದರು.

ಸಂಜೆ ಜಗಲಿಯಲ್ಲಿ ಕಾಫಿ ಕುಡಿಯುತ್ತಾ ಆಕೆ ಅಣ್ಣಯ್ಯನವರಿಗೆ ತಮ್ಮ ಕಥೆ ಹೇಳಿದರು. ಅಂದು ಆಕೆ ಹೇಳಿದ್ದೇನು ಎಂಬುದು ಈಗ ಊರಿಗೆಲ್ಲ ಬಾಯಿಪಾಠವಾಗಿದೆ. ಅಮೆರಿಕದಲ್ಲಿ ಹೊರದೇಶದ ಡಾಕ್ಟರುಗಳಿಗೆ ಒಂದು ನಿಯಮವಿದೆಯಂತೆ. ಆಕೆಯ ಹಾಗೆ ಅಲ್ಲಿಗೆ ತರಬೇತಿಗೆ ಹೋದವರು ತರಬೇತಿ ಮುಗಿದ ಮೇಲೆ ಎರಡು ವರ್ಷ ತಮ್ಮ ದೇಶಕ್ಕೆ ಹಿಂತಿರುಗಿ ಹೋಗಬೇಕು. ಅದರ ಬದಲು ಅಮೆರಿಕದಲ್ಲೇ ಡಾಕ್ಟರು ಸಿಗದ ಯಾವುದಾದರೂ ಊರಿನಲ್ಲಿ ಮೂರು ವರ್ಷ ಕೆಲಸ ಮಾಡಲು ಒಪ್ಪಿಕೊಂಡರೆ ಆ ನಿಯಮದಿಂದ ವಿನಾಯಿತಿ ಸಿಗುತ್ತದೆ, ಅಲ್ಲಿ ಕೆಲಸ ಮಾಡುವ ವೀಸಾ ಸಿಗುತ್ತದೆ. ಆಕೆ ಹಾಗೆ ಒಪ್ಪಿಕೊಂಡು, ಸುತ್ತ ನೂರು ಕಿಲೋಮೀಟರಿಗೆ ಬೇರೆ ಡಾಕ್ಟರಿಲ್ಲದ ಒಂದು ಹಳ್ಳಿಯಲ್ಲಿ ಎರಡು ವರ್ಷದಿಂದ ಇದ್ದರು.

ಇದರಲ್ಲಿ ಅಣ್ಣಯ್ಯನವರಿಗೆ ದಕ್ಕಿದ ಮಾತುಗಳು ಆರು: ಫಾರಿನ್ ಡಾಕ್ಟರ್, ನೋ ಡಾಕ್ಟರ್, ವಿಲೇಜ್, ತ್ರೀ ಇಯರ್ಸ್, ವೀಸಾ, ರೂಲ್. ಆರನ್ನೂ ಜೋಡಿಸಿದರು. ಫಾರಿನ್ ಡಾಕ್ಟರಿಗೆ ಒಂದು ರೂಲ್ ಬಂದಿದೆ, ಡಾಕ್ಟರಿಲ್ಲದ ಹಳ್ಳಿಯಲ್ಲಿ ಮೂರು ವರ್ಷ ಕೆಲಸ ಮಾಡಿದರೆ ಮಾತ್ರ ವೀಸಾ, ಅದಕ್ಕೇ ಈಯಮ್ಮ ಹಳ್ಳಿ ಹುಡುಕಿಕೊಂಡು ಬಂದಿದ್ದಾರೆ. ಖಚಿತ ಮಾಡಿಕೊಳ್ಳಲು ಅಣ್ಣಯ್ಯನವರು, ದಿಸ್ ವಿಲೇಜ್ ಆಲ್ಸೋ ನೋ ಡಾಕ್ಟರ್ ಎಂದರು. ಆಕೆ ನಿಜವಾದ ಕಳಕಳಿಯಿಂದ ತಲೆಯಾಡಿಸಿದರು. ದಿಸ್ ವಿಲೇಜ್ ಗುಡ್ ಎಂದು ಅಣ್ಣಯ್ಯನವರು ಮತ್ತೆ ಕೇಳಿದರು. ಆಕೆ ಎದುರಿನ ಗುಡ್ಡಗಳನ್ನು ನೋಡುತ್ತಾ, ಇಲ್ಲಿಯಾದರೆ ಮೂರು ವರ್ಷ ಸಂತೋಷವಾಗಿ ಇದ್ದುಬಿಡುತ್ತಿದ್ದೆ ಎಂದರು. ಪ್ರವಾಸಕ್ಕೆ ಬಂದವರೆಲ್ಲ ಹೇಳುವ ಮಾತು. ಅಣ್ಣಯ್ಯನವರ ಕಿವಿಗೆ ಬಿದ್ದದ್ದು ತ್ರೀ ಇಯರ್ಸ್, ಹ್ಯಾಪಿ.

‘ವೆರಿ ಕರೆಕ್ಟ್ ಮೇಡಂ’ ಎಂದರು ಅಣ್ಣಯ್ಯನವರು.

ಕಾಫಿ ಲೋಟ ಒಳಗಿಡುವಾಗಲೇ ಜಗದಾಂಬನಿಗೆ ವಿಷಯ ಹೇಳಿದರು. ಆಕೆ ನಂಬಲಿಲ್ಲ. ಮೂರು ವರ್ಷ ಇರುವುದಕ್ಕೆ ಬಂದ ಹೆಂಗಸು ಬೆನ್ನಿಗೆ ಒಂದೇ ಚೀಲ ಹಾಕಿಕೊಂಡು ಬರುತ್ತಾಳೆಯೇ ಎಂದು ಕೇಳಿದರು. ಫಾರಿನ್ನಿನವರು ಹಾಗೇ, ನಿನಗೆ ಗೊತ್ತಾಗುವುದಿಲ್ಲ ಎಂದು ಅಣ್ಣಯ್ಯನವರು ನೇರ ಚಂದ್ರಯ್ಯನವರ ಮನೆಗೆ ನಡೆದರು.

ಚಂದ್ರಯ್ಯ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಐದು ಅರ್ಜಿ ಕೊಟ್ಟು ಸೋತ ಮನುಷ್ಯ ಪ್ರಶ್ನೆ ಕೇಳುವುದಿಲ್ಲ. ಆ ಸಂಜೆಯೇ ಊರಿನ ವಾಟ್ಸಾಪ್ ಗುಂಪಿನಲ್ಲಿ ಸುದ್ದಿ ಹಾಕಿದರು: ಬೈನೆಗುಡ್ಡ ಆಸ್ಪತ್ರೆಗೆ ಫಾರಿನ್ ಡಾಕ್ಟರ್, ಮೂರು ವರ್ಷ ಸೇವೆ, ನಾಳೆ ಹತ್ತಕ್ಕೆ ಅಧಿಕಾರ ಸ್ವೀಕಾರ. ಕೆಳಗೆ ಅಣ್ಣಯ್ಯನವರಿಗೆ ವಿಶೇಷ ಅಭಿನಂದನೆ.

ಮರುದಿನ ಭಾನುವಾರ. ನರ್ಸ್ ಶೀಲಾ ರಜೆಗೆ ಬಾಳ್ಳುಪೇಟೆಯ ತಮ್ಮ ಮನೆಗೆ ಹೋಗಿದ್ದರು. ಹೀಗಾಗಿ ಊರಿನಲ್ಲಿ ಇಂಗ್ಲಿಷ್ ಬಲ್ಲವರು ಅಣ್ಣಯ್ಯನವರೊಬ್ಬರೇ ಉಳಿದರು. ಬೆಳಗ್ಗೆ ಎಂಟಕ್ಕೆಲ್ಲ ಆಸ್ಪತ್ರೆಯ ಜಗಲಿ ತೊಳೆದಾಗಿತ್ತು, ಡಾಕ್ಟರ ಕ್ವಾರ್ಟರ್ಸಿನಿಂದ ಬಾವಲಿಗಳನ್ನು ಓಡಿಸಿಯಾಗಿತ್ತು. ಹತ್ತಕ್ಕೆ ನಲವತ್ತಮೂರು ಜನ ಸಾಲಾಗಿ ಕುಳಿತಿದ್ದರು. ಮಂಡಿ ನೋವಿನವರು, ಸೊಂಟ ನೋವಿನವರು, ಏನೂ ನೋವಿಲ್ಲದೆ ಫಾರಿನ್ ಡಾಕ್ಟರಿಗೆ ಒಂದು ಸಲ ತೋರಿಸಿಕೊಂಡರೆ ಒಳ್ಳೆಯದು ಎಂದು ಬಂದವರು. ಎಲ್ಲರಿಗಿಂತ ಮುಂದೆ ಲೈನಿನ ಮಾರಮ್ಮ, ಪಕ್ಕದಲ್ಲಿ ಕಾಲಿಗೆ ಹಳೆಯ ಪಂಚೆಯ ಚೂರು ಸುತ್ತಿಕೊಂಡ ಆಕೆಯ ಗಂಡ ಲಕ್ಕಯ್ಯ.

ಅಣ್ಣಯ್ಯನವರು ಡಾಕ್ಟರಿಗೆ ಹೇಳಿದ್ದು ಇಷ್ಟೇ: ವಿಲೇಜ್ ಫಂಕ್ಷನ್, ಹಾಸ್ಪಿಟಲ್, ಕಮ್. ಆಕೆ ಹಳ್ಳಿಯ ಆಸ್ಪತ್ರೆ ನೋಡುವ ಆಸೆಯಿಂದ ಬಂದರು. ಚಂದ್ರಯ್ಯ ಹಾರ ಹಾಕಿದರು. ಆಕೆ ಕೈಮುಗಿದರು. ಹೆಸರು ಅಮಾ ಎಂದು ಗೊತ್ತಾದಾಗ ಹೆಂಗಸರಿಗೆ ಬಹಳ ಸಮಾಧಾನವಾಯಿತು. ಅಮ್ಮ ಎಂದೇ ಕರೆಯಬಹುದು, ನಾಲಿಗೆ ತಿರುಚಬೇಕಾಗಿಲ್ಲ.

ಮಾರಮ್ಮ ಎದ್ದುಬಂದು ನಾಡಿ ನೋಡಲೆಂದು ಕೈ ಚಾಚಿದಳು. ಡಾಕ್ಟರು ಆ ಕೈಯನ್ನು ಹಿಡಿದು ಸಂತೋಷದಿಂದ ಕುಲುಕಿದರು. ಹಿಂದಿದ್ದವರೂ ಕೈ ಚಾಚಿದರು, ಅವರ ಕೈಯೂ ಕುಲುಕಿಸಿಕೊಂಡಿತು. ಫಾರಿನ್ನಿನಲ್ಲಿ ಪರೀಕ್ಷೆ ಮಾಡುವ ರೀತಿ ಇದು, ರೋಗ ಅಲ್ಲಾಡಿ ಸಡಿಲವಾಗುತ್ತದೆ ಎಂದು ಸಾಲಿನಲ್ಲಿ ಯಾರೋ ವಿವರಿಸಿದರು. ನಲವತ್ತೆರಡು ಕೈಗಳನ್ನು ಆಕೆ ಕುಲುಕಿದರು. ಜನ ಇಷ್ಟು ಸ್ನೇಹವಂತರು ಎಂದು ಆಕೆಯ ಕಣ್ಣು ತುಂಬಿತ್ತು.

ಉಳಿದ ನಲವತ್ತಮೂರನೆಯವನು ಮುಂದೆಯೇ ಕುಳಿತಿದ್ದ ಲಕ್ಕಯ್ಯ. ಅವನು ಏಳಲಿಲ್ಲ, ಕೂತಲ್ಲಿಂದಲೇ ಕಾಲು ಮುಂದೆ ಮಾಡಿ ಬಟ್ಟೆ ಬಿಚ್ಚಿದ. ಡಾಕ್ಟರ ಮುಖದ ನಗು ಹೋಯಿತು. ಆಕೆ ನೆಲಕ್ಕೆ ಮಂಡಿಯೂರಿ, ಮುಟ್ಟದೆ, ಬೆರಳಿನ ಹುಣ್ಣನ್ನೂ ಮೇಲೇರಿದ್ದ ಕೆಂಪನ್ನೂ ನೋಡಿದರು. ನಂತರ ಅಣ್ಣಯ್ಯನವರ ಕಡೆ ತಿರುಗಿ ನಿಧಾನವಾಗಿ, ಬಿಡಿಬಿಡಿಯಾಗಿ ಹೇಳಿದರು. ಇವರು ಇವತ್ತೇ ದೊಡ್ಡ ಆಸ್ಪತ್ರೆಗೆ ಹೋಗಬೇಕು. ನಾಳೆ ಅಲ್ಲ, ಇವತ್ತು.

ಅಣ್ಣಯ್ಯನವರಿಗೆ ಟುಡೇ ಸಿಕ್ಕಿತು, ಹಾಸ್ಪಿಟಲ್ ಸಿಕ್ಕಿತು, ಟುಮಾರೋ ಸಿಕ್ಕಿತು, ನಾಟ್ ಎಂಬುದೂ ಎಲ್ಲೋ ಸಿಕ್ಕಿತು. ಎಲ್ಲರೂ ಅವರ ಬಾಯಿಯನ್ನೇ ನೋಡುತ್ತಿದ್ದರು. ಇನ್ನೊಂದು ಸಲ ಹೇಳಿ ಎಂದು ಕೇಳಬಹುದಾಗಿತ್ತು. ನಲವತ್ತಮೂರು ಜನರ ಎದುರು ಕೇಳಲು ಅವರಿಂದಾಗಲಿಲ್ಲ.

‘ಇವತ್ತು ಆಸ್ಪತ್ರೆ ಇಲ್ವಂತೆ, ಭಾನುವಾರ. ನಾಳೆಯಿಂದ ಚಿಕಿತ್ಸೆ ಶುರು ಮಾಡ್ತಾರಂತೆ’ ಎಂದು ಗಟ್ಟಿಯಾಗಿ ಅನುವಾದಿಸಿದರು. ಡಾಕ್ಟರಿಗೆ ‘ಯೆಸ್ ಮೇಡಂ, ಟುಡೇ’ ಎಂದರು.

ಲಕ್ಕಯ್ಯ ಡಾಕ್ಟರ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, ಬಟ್ಟೆ ಮತ್ತೆ ಸುತ್ತಿಕೊಂಡು ಮನೆಗೆ ಹೋದ.

ಸೋಮವಾರ ಬೆಳಗ್ಗೆ ಒಂಬತ್ತೂವರೆಗೆ ಒಂದು ಸರ್ಕಾರಿ ಜೀಪು ಬಂತು. ವಾಟ್ಸಾಪ್ ಸುದ್ದಿ, ಹಾರ ಹಾಕಿದ ಫೋಟೋ ಸಮೇತ, ರಾತ್ರಿ ಕಳೆಯುವುದರೊಳಗೆ ಯಾರ್‍ಯಾರನ್ನೋ ತಲುಪಿ ಮೇಲಿನವರನ್ನು ಮುಟ್ಟಿತ್ತು. ಜೀಪಿನಿಂದ ಒಬ್ಬ ಪೊಲೀಸ್ ಅಧಿಕಾರಿ, ಆರೋಗ್ಯ ಇಲಾಖೆಯ ವೆಂಕಟೇಶ, ದಾರಿಯಲ್ಲಿ ಹತ್ತಿಸಿಕೊಂಡಿದ್ದ ನರ್ಸ್ ಶೀಲಾ ಇಳಿದರು. ಪ್ರವಾಸಿ ವೀಸಾದಲ್ಲಿ ಬಂದವರು ಈ ದೇಶದಲ್ಲಿ ರೋಗಿಗಳನ್ನು ನೋಡುವಂತಿಲ್ಲ, ನೋಡಿದ್ದು ನಿಜವಾದರೆ ಕೇಸು ಎಂದು ಅಧಿಕಾರಿ ಆಸ್ಪತ್ರೆ ಅಂಗಳದಲ್ಲಿ ನಿಂತು ತಿಳಿಸಿದರು. ಚಿಕಿತ್ಸೆ ಶುರುವಾಗುತ್ತದೆಂದು ಬಂದು ಕುಳಿತಿದ್ದ ಜನ ಒಬ್ಬರ ಮುಖ ಒಬ್ಬರು ನೋಡಿದರು.

ಡಾಕ್ಟರನ್ನು ಕರೆಸಿದರು. ಶೀಲಾ ಮಂಗಳೂರಿನಲ್ಲಿ ನರ್ಸಿಂಗ್ ಓದಿದವರು, ಅವರ ಇಂಗ್ಲಿಷ್ ಸುಲಲಿತ. ಆಕೆಯ ಮೂಲಕ ಎಲ್ಲವೂ ಒಂದೊಂದಾಗಿ ಕನ್ನಡಕ್ಕೆ ಬಂತು: ಅಮೆರಿಕದ ನಿಯಮ, ಅಲ್ಲಿನ ಹಳ್ಳಿ, ಮೂರು ವರ್ಷ, ಸ್ನೇಹಿತೆಯ ಮದುವೆ, ನಾಳೆ ಹಿಂತಿರುಗುವ ವಿಮಾನ. ಕೇಸಿನ ಹೆಸರು ಕೇಳಿ ಡಾಕ್ಟರು ಮತ್ತೂ ಹೇಳಿದರು. ಎಲ್ಲೇ ಒಂದು ಕೇಸು ಬಿದ್ದರೂ ಮುಂದೆ ವೀಸಾದ ಪ್ರತಿ ಅರ್ಜಿಯಲ್ಲೂ ಅದನ್ನು ಬರೆಯಬೇಕು. ನಾಳೆಯ ವಿಮಾನ ತಪ್ಪಿ ಇಲ್ಲೇ ಸಿಕ್ಕಿಕೊಂಡರೆ ಅಲ್ಲಿನ ಕೆಲಸ ಹೋಗಬಹುದು, ಮೂರು ವರ್ಷದ ಲೆಕ್ಕವೂ ಕೆಡಬಹುದು. ಆ ಹಳ್ಳಿಯಲ್ಲಿ ಆಕೆ ಬಿಟ್ಟರೆ ಡಾಕ್ಟರಿಲ್ಲ.

ಶೀಲಾ ಈ ಕೊನೆಯ ಮಾತನ್ನೂ ಕನ್ನಡದಲ್ಲಿ ಹೇಳಿ ಮುಗಿಸಿದರು. ಡಾಕ್ಟರಿಲ್ಲದ ಊರು ಎಂದರೇನೆಂದು ನಮಗೆ ಬೇರೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಅಧಿಕಾರಿ ಸಾಕ್ಷಿಗಳ ವಿಚಾರಣೆ ಶುರು ಮಾಡಿದರು. ಮೊದಲು ಮಾರಮ್ಮ. ಈಯಮ್ಮ ಔಷಧಿ ಕೊಟ್ಟರೇ ಎಂದು ಕೇಳಿದರು. ಇಲ್ಲ ಎಂದಳು. ಇಂಜೆಕ್ಷನ್? ಇಲ್ಲ. ಅಧಿಕಾರಿ ಬರೆದುಕೊಳ್ಳುತ್ತಿದ್ದರು. ಅಲ್ಲಿಗೆ ಬಿಟ್ಟಿದ್ದರೆ ಚೆನ್ನಾಗಿತ್ತು.

‘ಆದ್ರೆ ವಾಸಿ ಮಾಡುದ್ರು ಸ್ವಾಮಿ’ ಎಂದಳು ಮಾರಮ್ಮ. ‘ಕೈ ಹಿಡ್ದು ಹಿಂಗಂದ್ರು, ಮಂಡಿ ನೋವು ಹೊಂಟೋಗ್ಬುಡ್ತು.’

ವೆಂಕಟೇಶ ತಲೆ ಹಿಡಿದುಕೊಂಡರು. ಇದು ಚಿಕಿತ್ಸೆಯೋ ಅಲ್ಲವೋ ಎಂಬ ವಿಚಾರ ಅಲ್ಲಿ ಕಾಲು ಗಂಟೆ ನಡೆಯಿತು. ಕೈ ಕುಲುಕುವುದು ಚಿಕಿತ್ಸೆಯಲ್ಲ ಎಂದು ವೆಂಕಟೇಶ, ವಾಸಿಯಾಗಿದೆ ಎಂದು ರೋಗಿಯೇ ಹೇಳುತ್ತಿದ್ದಾಳಲ್ಲ ಎಂದು ಅಧಿಕಾರಿ. ಚಂದ್ರಯ್ಯ ಮಾರಮ್ಮನನ್ನು ಪಕ್ಕಕ್ಕೆ ಕರೆದು ಅವಳ ಮಾತಿನಿಂದ ಡಾಕ್ಟರಮ್ಮನಿಗೆ ಆಗುವ ಕಷ್ಟವನ್ನು ಬಿಡಿಸಿ ಹೇಳಿದರು. ಆಕೆ ವಾಪಸ್ಸು ಬಂದು, ಬರುವಾಗಲೇ ಕುಂಟುತ್ತಾ, ಈಗ ಮತ್ತೆ ನೋವು ಬಂದಿದೆ, ಮುಂಚಿಗಿಂತ ಜಾಸ್ತಿ ಇದೆ ಎಂದು ಹೇಳಿಕೆ ಕೊಟ್ಟಳು. ಅದನ್ನು ಕೇಳಿ ಉಳಿದವರೂ ತಮ್ಮ ತಮ್ಮ ನೋವುಗಳನ್ನು ಒಬ್ಬೊಬ್ಬರಾಗಿ ಹಿಂದಕ್ಕೆ ತೆಗೆದುಕೊಂಡರು. ಮೊದಲಿನಿಂದಲೂ ನೋವಿಲ್ಲದಿದ್ದವರು ಕೂಡ ಸೊಂಟ ಹಿಡಿದುಕೊಂಡು ನಿಂತರು.

ಹಾಗಾದರೆ ಇವರು ಇಲ್ಲಿನ ಡಾಕ್ಟರು ಎಂದು ಸುದ್ದಿ ಹಬ್ಬಿಸಿದ್ದು ಯಾರು ಎಂದು ಅಧಿಕಾರಿ ಕೇಳಿದರು. ಯಾರೂ ಹೆಸರು ಹೇಳಲಿಲ್ಲ. ಆದರೆ ಇಡೀ ಅಂಗಳ ಒಂದೇ ಕಡೆ ನೋಡಿತು. ಅಣ್ಣಯ್ಯನವರು ತೂಕ ನೋಡುವ ಯಂತ್ರದ ಹಿಂದೆ ನಿಂತಿದ್ದರು. ಮುಂದೆ ಬಂದರು. ಏನೋ ಸ್ವಲ್ಪ ವ್ಯತ್ಯಾಸವಾಯಿತು, ಉಚ್ಚಾರಣೆ ಬೇರೆ ಇತ್ತು, ಗಾಳಿ ಬೀಸುತ್ತಿತ್ತು ಎಂದು ಶುರು ಮಾಡಿದರು. ಅಷ್ಟರಲ್ಲಿ ಡಾಕ್ಟರು ಶೀಲಾಗೆ ಏನನ್ನೋ ಕೇಳಿದರು. ಶೀಲಾ ಅಣ್ಣಯ್ಯನವರ ಕಡೆ ತಿರುಗಿದರು.

‘ಆ ಕಾಲಿನ ಹುಣ್ಣಿನವರು ದೊಡ್ಡಾಸ್ಪತ್ರೆಯಲ್ಲಿ ಹೇಗಿದ್ದಾರೆ ಅಂತ ಕೇಳ್ತಿದ್ದಾರೆ. ನಿನ್ನೆಯೇ ಕಳಿಸಿ ಅಂತ ನಿಮಗೆ ಎರಡು ಸಲ ಹೇಳಿದ್ರಂತೆ.’

ಮಾರಮ್ಮ ಕುಂಟುವುದನ್ನು ಮರೆತಳು. ಯಜಮಾನ ಮನೆಯಲ್ಲಿದ್ದಾನೆ, ಬೆಳಗಿನಿಂದ ಮೈ ಕಾದಿದೆ, ಎದ್ದು ಬರಲಾಗದೆ ತಾನೇ ಡಾಕ್ಟರಮ್ಮನನ್ನು ಕರೆದುಕೊಂಡು ಹೋಗೋಣವೆಂದು ಬಂದೆ ಎಂದಳು.

‘ನಂಗೆ ಇಂಗ್ಲಿಷ್ ಬರಲ್ಲ’ ಎಂದರು ಅಣ್ಣಯ್ಯನವರು.

ಅಷ್ಟು ಮೆಲ್ಲಗೆ ಹೇಳಿದ್ದರಿಂದ ಅಧಿಕಾರಿಗೆ ಕೇಳಿಸಲಿಲ್ಲ, ಮತ್ತೆ ಹೇಳಿ ಎಂದರು. ಅಣ್ಣಯ್ಯನವರು ಮತ್ತೆ ಹೇಳಿದರು. ಮೊದಲಿನಿಂದಲೂ ಬರುವುದಿಲ್ಲ, ಎಸ್ಟೇಟಿನಲ್ಲೂ ಬರುತ್ತಿರಲಿಲ್ಲ ಎಂದರು. ಅದನ್ನೇ ಬರೆದು ಸಹಿ ಹಾಕಿಕೊಡಬೇಕು, ಡಾಕ್ಟರಮ್ಮನಿಗೆ ಅದರಿಂದ ಉಪಕಾರವಾಗುತ್ತದೆ ಎಂದು ಅಧಿಕಾರಿ ಕಾಗದ ಮುಂದೆ ಹಿಡಿದರು. ಅಭ್ಯಾಸಬಲದಿಂದ ದುಂಡಾದ ಅಕ್ಷರಗಳಲ್ಲಿ, ಅಣ್ಣಯ್ಯನವರು ತಮಗೆ ಇಂಗ್ಲಿಷ್ ಬರುವುದಿಲ್ಲವೆಂದೂ ನಡೆದದ್ದಕ್ಕೆಲ್ಲ ತಾವೇ ಕಾರಣವೆಂದೂ ಬರೆದರು. ಚಂದ್ರಯ್ಯ ಸಾಕ್ಷಿ ಹಾಕಿದರು. ಅದರ ಕೆಳಗೆ ಜಗದಾಂಬ ಎಂಬ ಇನ್ನೊಂದು ಸಹಿಯೂ ಬಿತ್ತು. ಆಕೆ ಯಾವಾಗ ಬಂದು ನಿಂತಿದ್ದರೋ ಯಾರೂ ನೋಡಿರಲಿಲ್ಲ. ಗಂಡನಿಗೆ ಒಂದು ಮಾತನ್ನೂ ಅನ್ನಲಿಲ್ಲ. ಅಂದಿದ್ದರೆ ಅವರಿಗೆ ಎಷ್ಟೋ ಹಗುರವಾಗುತ್ತಿತ್ತು.

ಕೇಸು ಬೀಳಲಿಲ್ಲ. ಇನ್ನು ಮುಂದೆ ಈ ದೇಶದಲ್ಲಿರುವಷ್ಟು ಹೊತ್ತು ಯಾವ ರೋಗಿಯನ್ನೂ ನೋಡುವುದಿಲ್ಲವೆಂದು ಡಾಕ್ಟರಿಂದ ಒಂದು ಮುಚ್ಚಳಿಕೆ ಬರೆಸಿಕೊಂಡು ಬಿಟ್ಟರು. ಅದು ಮುಗಿಯುವ ಮೊದಲೇ ಫಯಾಜ್ ಲೈನಿನ ಹತ್ತಿರಕ್ಕೆ ಜೀಪು ತಿರುಗಿಸಿದ್ದ. ಲಕ್ಕಯ್ಯನನ್ನು ಹೊತ್ತು ತಂದು ಮಲಗಿಸಿದರು. ಮಾರಮ್ಮ ಮುಂದಿನ ಸೀಟಿನಲ್ಲಿ ಕುಳಿತಳು. ಲಕ್ಕಯ್ಯನ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಕೂರುವುದಕ್ಕೆ ಒಬ್ಬರು ಬೇಕಾಗಿತ್ತು. ಅಣ್ಣಯ್ಯನವರು ಯಾರನ್ನೂ ಕೇಳದೆ ಹತ್ತಿದರು.

ಹಾನುಬಾಳು ದಾಟಿದ ಮೇಲೆ ಅಣ್ಣಯ್ಯನವರು, ತಪ್ಪಾಯಿತು ಲಕ್ಕಯ್ಯ ಎಂದರು. ಲಕ್ಕಯ್ಯ ಜ್ವರದಲ್ಲೂ ಎಚ್ಚರವಾಗಿದ್ದ.

‘ಆ ಯಮ್ಮನ ಮಕ ನೋಡ್ದಾಗ್ಲೇ ನಂಗೆ ಗೊತ್ತಾಯ್ತು ಕಣ್ರೀ, ಇದು ನಾಳೆಗೆ ಬುಡೋ ಮಾತಲ್ಲ ಅಂತ’ ಎಂದ. ‘ನೀವು ಓದ್ಕಂಡೋರು ಇಂಗಂತೀರಲ್ಲ ಅಂತ ಸುಮ್ಕಾದೆ.’

ಸಿಟ್ಟಿನಿಂದ ಹೇಳಿದ್ದಲ್ಲ. ನಡೆದದ್ದನ್ನು ಹೇಳಿದ, ಅಷ್ಟೇ. ಹಾಸನದ ಆಸ್ಪತ್ರೆ ಬರುವವರೆಗೂ ಅಣ್ಣಯ್ಯನವರು ಆ ಕಾಲಿನಿಂದ ಕಣ್ಣು ತೆಗೆಯಲಿಲ್ಲ.

ಸಕ್ಕರೆ ಕಾಯಿಲೆಯಿಂದ ಕೊಳೆತಿವೆ ಎಂದು ಕಾಲಿನ ಎರಡು ಬೆರಳು ತೆಗೆದರು. ಪಾದ ಉಳಿಯಿತು. ಒಂದು ದಿನ ಮೊದಲು ಬಂದಿದ್ದರೆ ಬೆರಳೂ ಉಳಿಯುತ್ತಿದ್ದವೇ ಎಂದು ಅಣ್ಣಯ್ಯನವರು ಅಲ್ಲಿನ ಡಾಕ್ಟರನ್ನು ಕೇಳಿದರು. ಒಂದು ಉಳಿಯುತ್ತಿತ್ತೋ ಏನೋ, ಹೇಳುವುದಕ್ಕಾಗುವುದಿಲ್ಲ ಎಂದು ಅವರು ಹೇಳಿದರು. ಆ ಹೇಳುವುದಕ್ಕಾಗದ ಒಂದು ಬೆರಳನ್ನು ಅಣ್ಣಯ್ಯನವರು ತಮ್ಮ ತಲೆಯ ಮೇಲೆ ಹಾಕಿಕೊಂಡರು.

ಮಂಗಳವಾರ ಬೆಂಗಳೂರಿಗೆ ಹೋಗುವ ದಾರಿಯಲ್ಲಿ ಡಾಕ್ಟರ್ ಅಮಾ ವಾರ್ಡಿಗೆ ಬಂದರು. ಎರಡು ಕೈಗಳನ್ನೂ ಬೆನ್ನ ಹಿಂದೆ ಕಟ್ಟಿಕೊಂಡಿದ್ದರು. ಮಂಚದಿಂದ ಒಂದು ಮಾರು ದೂರ ನಿಂತು, ಕುತ್ತಿಗೆ ಮಾತ್ರ ಮುಂದೆ ಚಾಚಿ, ಸುತ್ತಿದ್ದ ಬಿಳಿ ಬಟ್ಟೆಯನ್ನು ನೋಡಿದರು. ಕೊಟ್ಟ ಮುಚ್ಚಳಿಕೆಗೆ ಆಕೆ ತೋರಿದ ಗೌರವ ಅದು. ಲಕ್ಕಯ್ಯ ನಕ್ಕ. ಆಕೆಯೂ ನಕ್ಕರು. ಹೊರಡುವಾಗ ಅಣ್ಣಯ್ಯನವರಿಗೆ ಇಂಗ್ಲಿಷಿನಲ್ಲಿ ಏನೋ ಹೇಳಿದರು. ಅಣ್ಣಯ್ಯನವರ ತುಟಿಯ ತುದಿಗೆ ಹಳೆಯ ಉತ್ತರ ಬಂದಿತ್ತು. ಅದನ್ನು ನುಂಗಿ, ಗೊತ್ತಾಗಲಿಲ್ಲ ತಾಯಿ ಎಂದು ಕನ್ನಡದಲ್ಲೇ ಕೈಮುಗಿದರು. ಆಕೆ ಹೇಳಿದ್ದೇನು ಎಂಬುದು ಇವತ್ತಿಗೂ ಯಾರಿಗೂ ಗೊತ್ತಿಲ್ಲ.

ಅಣ್ಣಯ್ಯನವರು ಹನ್ನೊಂದು ದಿನ ವಾರ್ಡಿನಲ್ಲೇ ಇದ್ದರು. ಊರಿಗೆ ಹೋಗಿ ಮುಖ ತೋರಿಸುವುದಕ್ಕಿಂತ ವಾರ್ಡೇ ವಾಸಿ ಎಂದು ಉಳಿದರು ಎಂದು ಕೆಲವರು ಹೇಳುತ್ತಾರೆ. ಅದೂ ಇರಬಹುದು. ಮಾರಮ್ಮ ಒಂಬತ್ತು ದಿನ ಅವರ ಜೊತೆ ಮಾತಾಡಲಿಲ್ಲ. ಹತ್ತನೆಯ ದಿನ ಊಟದ ಡಬ್ಬಿ ಅವರ ಕಡೆ ತಳ್ಳಿ, ನೀವೂ ಉಣ್ಣಿ ಎಂದಳು. ಅಣ್ಣಯ್ಯನವರು ಒಂದಗುಳೂ ಬಿಡದೆ ಉಂಡು, ಡಬ್ಬಿ ತೊಳೆದು ತಂದಿಟ್ಟರು.

ಹನ್ನೊಂದನೆಯ ದಿನ ಲಕ್ಕಯ್ಯನನ್ನು ಮನೆಗೆ ಕಳಿಸಿದರು. ಯಾವ ಮಾತ್ರೆ ಎಷ್ಟು ಹೊತ್ತಿಗೆ, ಸಕ್ಕರೆ ಕಾಯಿಲೆಗೆ ಏನು ಪಥ್ಯ, ಗಾಯ ತೊಳೆಯುವುದು ಹೇಗೆ ಎಂದು ಎರಡು ಪುಟದ ಕಾಗದ ಕೊಟ್ಟರು. ಪೂರ್ತಿ ಇಂಗ್ಲಿಷ್. ಲಕ್ಕಯ್ಯ ಅದನ್ನು ಅಣ್ಣಯ್ಯನವರ ಕೈಗೆ ಕೊಟ್ಟು, ಏನು ಬರೆದಿದ್ದಾರೆ ಎಂದು ಕೇಳಿದ. ಚುಚ್ಚುವುದಕ್ಕಲ್ಲ, ಕಾಗದ ಬಂದರೆ ರೈಟರಿಗೆ ಕೊಡುವ ರೂಢಿ ಅವನಿಗೆ ಬಿಟ್ಟಿರಲಿಲ್ಲ.

‘ನಂಗೊತ್ತಿಲ್ಲ ಲಕ್ಕಯ್ಯ. ಕೇಳ್ಕಂಡ್ ಬತ್ತೀನಿ, ಇರು’ ಎಂದರು ಅಣ್ಣಯ್ಯನವರು.

ಔಷಧಿ ಕೊಡುವ ಕಿಟಕಿಯ ಮುಂದೆ ಇಪ್ಪತ್ತು ಜನರ ಸಾಲಿತ್ತು. ಕೊನೆಯಲ್ಲಿ ಹೋಗಿ ನಿಂತರು. ಸರದಿ ಬಂದಾಗ ಒಳಗಿದ್ದ ಹುಡುಗಿ ಕಾಗದ ನೋಡಿ ಒಂದೇ ಉಸಿರಿನಲ್ಲಿ ಹೇಳಿಬಿಟ್ಟಳು. ಅಣ್ಣಯ್ಯನವರು ಇನ್ನೊಂದು ಸಲ ಹೇಳಮ್ಮ ಎಂದು ಕೇಳಿ, ಪೆನ್ನು ತೆಗೆದು ಕಾಗದದ ಅಂಚಿನಲ್ಲಿ ಕನ್ನಡದಲ್ಲಿ ಬರೆದುಕೊಂಡರು. ಊಟಕ್ಕೆ ಮುಂಚೆಯೋ ಆಮೇಲೆಯೋ ಎಂಬಲ್ಲಿ ಅನುಮಾನ ಬಂತು. ಮತ್ತೆ ಕೇಳಿದರು. ಹುಡುಗಿ ಬೇಸರದಿಂದ ಮೂರನೆಯ ಸಲ ಹೇಳಿದಳು. ಅಷ್ಟೂ ತಿಳಿಯಲ್ವೇನ್ರೀ ಎಂದು ಹಿಂದಿನಿಂದ ಯಾರೋ ಅಂದರು, ನಾಲ್ಕಾರು ಜನ ನಕ್ಕರು. ಅಣ್ಣಯ್ಯನವರ ಕಿವಿ, ಕುತ್ತಿಗೆ ಎಲ್ಲ ಕೆಂಪಾಯಿತು. ಕಿಟಕಿಯ ಕಂಬಿಯನ್ನು ಗಟ್ಟಿಯಾಗಿ ಹಿಡಿದುಕೊಂಡು ಅವರು ನಾಲ್ಕನೆಯ ಸಲವೂ ಕೇಳಿದರು.